ಕತ್ತಿ ಎತ್ತಿದವನಿಗೆ ಎರಡೇ ನಕ್ಷತ್ರ

ಐವತ್ತು ದಾಟಿದ ಗಂಡಸು, ಅದರಲ್ಲೂ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು, ತಾನು ಜಪಾನಿನ ಕಾರ್ಟೂನು, ಅಂದರೆ ಅನಿಮೆ, ನೋಡುತ್ತೇನೆಂದು ಒಪ್ಪಿಕೊಳ್ಳುವುದು ಸಕ್ಕರೆ ಕಾಯಿಲೆಯವನು ಕುಂದಾ ತಿನ್ನುತ್ತೇನೆಂದು ಒಪ್ಪಿಕೊಂಡಷ್ಟೇ ಕಷ್ಟ. ನಾನು ನೋಡುವುದಷ್ಟೇ ಅಲ್ಲ, ವಿಮರ್ಶೆಯನ್ನೂ ಬರೆಯುತ್ತೇನೆ. ಗೆಳೆಯನೊಬ್ಬ ನಡೆಸುವ ಅಂತರ್ಜಾಲ ಪತ್ರಿಕೆಯಲ್ಲಿ ಒಂದು ವಾರ ಮಾಟಮಂತ್ರದ ಸರಣಿ, ಇನ್ನೊಂದು ವಾರ ಹೊಡೆದಾಟದ್ದು, ಮತ್ತೊಂದು ವಾರ ನಗೆಯದ್ದು. ಕೊನೆಗೆ ಐದರಲ್ಲಿ ಇಷ್ಟು ನಕ್ಷತ್ರ ಎಂಬ ತೀರ್ಪು. ನಕ್ಷತ್ರದ ವಿಷಯದಲ್ಲಿ ನಾನು ಮಹಾ ಕಟ್ಟುನಿಟ್ಟು, ಯಾರ ಮುಲಾಜಿಗೂ ಬಿದ್ದವನಲ್ಲ. ಬೀಳಿಸಲು ಯಾರೂ ಬಂದಿರಲಿಲ್ಲ ಎಂಬುದೂ ನಿಜ, ಏಕೆಂದರೆ ಓದುವವರೇ ಇರಲಿಲ್ಲ. ಗೆಳೆಯ ಕೂಡ ಓದದೆಯೇ ಹಾಕುತ್ತಾನೆಂಬ ಗುಮಾನಿ ನನಗಿದೆ.

ಹೀಗಿರುವಾಗ ಹಿಂದವಾಡಿಯ ನಮ್ಮ ಮನೆಯೆದುರೇ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡೆ. ಸ್ಕೂಟರು ಓಡುತ್ತಿರಲಿಲ್ಲ, ನಿಂತಿತ್ತು. ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಬಳಗವೆಲ್ಲ ಬಂದು ಮಾತಾಡಿಸಿಕೊಂಡು ಹೋಗಬೇಕು. ಬಂದವರು ಬಿಸ್ಕೀಟಿನ ಪೊಟ್ಟಣ ಇಟ್ಟು, ಹೆಂಗ ಬಿದ್ರಿ ಎಂದು ಶುರು ಮಾಡುವರು. ನಿಂತ ಸ್ಕೂಟರಿನ ಕತೆಯನ್ನು ಎಷ್ಟು ಸಲ ಹೇಳಲಿ? ಕೊನೆಗೆ ಯಾರಾದರೂ ಬಂದ ಕೂಡಲೇ ಟಿವಿಯಲ್ಲಿ ಅನಿಮೆ ಹಚ್ಚುವ ಉಪಾಯ ಹೂಡಿದೆ. ನಾವು ಕಾಕು ಎಂದು ಕರೆಯುವ ಬಾಜೂ ಮನೆಯ ಹಿರಿಯ ಹೆಂಗಸು, ಸತ್ತ ಹುಡುಗನೊಬ್ಬ ಬೇರೆ ಲೋಕದಲ್ಲಿ ಹುಟ್ಟಿ ಪಾಠಶಾಲೆಯಲ್ಲಿ ಮಂತ್ರ ಕಲಿಯುವುದನ್ನು ನೋಡಿ, ಸತ್ತರೂ ಸಾಲಿ ತಪ್ಪಲಿಲ್ಲ ನೋಡ್ರಿ ಪಾಪ ಎಂದು ಮರುಗಿ ಎದ್ದು ಹೋದರು.

ಆದರೆ ನನ್ನ ಹೆಂಡತಿ ಗಿರಿಜಾ ಕಾಯುತ್ತಿದ್ದದ್ದು ಒಬ್ಬರನ್ನೇ, ಖಾನಾಪುರದ ತನ್ನ ಅಣ್ಣನನ್ನು. ಅಲ್ಲಿ ಹಂಚಿನ ಕಾರ್ಖಾನೆ ನಡೆಸುವ ಈ ಅಣ್ಣ ಶಿವಪುತ್ರಪ್ಪನವರು ನಮ್ಮ ವಾಸ್ತುಶಾಂತಿಯ ದಿನ ಹಿತ್ತಲಲ್ಲಿ ಅಡುಗೆಯವರ ಮೇಲೆ ನಿಗಾ ಇಟ್ಟು ನಿಂತಿದ್ದಾಗ, ಫೋಟೋದವನು ಎದುರಿಗೆ ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರಿಲ್ಲದೆಯೇ ಮನೆಮಂದಿಯ ಫೋಟೋ ತೆಗೆದುಬಿಟ್ಟ. ತವರಿನವರಿಗೆ ಜಾಗವಿಲ್ಲದ ಫೋಟೋ ಎಂದು ಅಣ್ಣ ಮುನಿದರು. ಫೋಟೋದವನ ತಪ್ಪಿಗೆ ನಾನ್ಯಾಕೆ ತಲೆ ಬಾಗಲಿ ಎಂದು ನಾನೂ ಸೆಟೆದುಕೊಂಡೆ. ಆರು ವರ್ಷ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ಪ್ರತಿ ನಾಗರ ಪಂಚಮಿಗೆ ಗಿರಿಜಾ ಒಬ್ಬಳೇ ತವರಿಗೆ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಮರಳುತ್ತಿದ್ದಳು. ನಾನು ಹಬ್ಬದ ಉಂಡಿ ಹೆಂಗಿದ್ದವು ಎಂದಷ್ಟೇ ಕೇಳುತ್ತಿದ್ದೆ.

ಕಾಲು ಮುರಿದವನನ್ನು ಮಾತಾಡಿಸದಿದ್ದರೆ ಬಳಗ ಆಡಿಕೊಳ್ಳುತ್ತದೆ. ಹಾಗಾಗಿ ಒಂದು ಭಾನುವಾರ ಅಣ್ಣ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ನನ್ನ ಮುಖ ನೋಡಬಾರದೆಂದು ಟಿವಿ ನೋಡತೊಡಗಿದರು. ಗಿರಿಜಾ ಚಹಾ ಮಾಡಲು ಒಳಗೆ ಹೋದಳು. ಟಿವಿಯಲ್ಲಿ ಹುಡುಗನೊಬ್ಬ ವೈರಿಯೆದುರು ಕತ್ತಿ ಎತ್ತಿದ್ದ. ಎತ್ತಿದವನು ಹೊಡೆಯಲಿಲ್ಲ. ಗುರುವನ್ನು ನೆನೆದ, ಸತ್ತ ತಾಯಿಯನ್ನು ನೆನೆದ, ತಾಯಿ ಮಾಡುತ್ತಿದ್ದ ಸಾರನ್ನೂ ನೆನೆದ. ವೈರಿಯೂ ಪಾಪ, ಅಷ್ಟು ಹೊತ್ತು ಮರ್ಯಾದೆಯಿಂದ ಕಾದ. ಮಾತೆಲ್ಲ ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರಗಳ ಓಟ. ಕನ್ನಡ, ಮರಾಠಿ ಎರಡರಲ್ಲೂ ಹಂಚು ಮಾರುವ ಅಣ್ಣನಿಗೆ ಆ ಓಟ ಕೈಗೆ ಹತ್ತಲಿಲ್ಲ. ಅಡುಗೆಮನೆಯತ್ತ ನೋಡಿದರು, ತಂಗಿ ಬರುವ ಲಕ್ಷಣವಿಲ್ಲ. ಕೆಮ್ಮಿದರು.

"ಏನಂತಾನ್ರೀ ಅವ?"

ಆರು ವರ್ಷದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು.

"ಅವ್ವನ್ನ ನೆನಸಾಕತ್ತಾನ್ರಿ ಅಣ್ಣಾರ," ಎಂದೆ.

"ಮೊದಲ ಹೊಡೀಲಿ. ಆಮ್ಯಾಲ ನೆನಸಲಿ."

ಹೊಡೆಯುವ ಮೊದಲೇ ಕಂತು ಮುಗಿಯಿತು. ಬಸ್ಸಿಗೆ ಹೊತ್ತಾಯಿತೆಂದು ಅಣ್ಣ ಚಹಾ ಮುಟ್ಟದೆ ಎದ್ದರು. ಚಹಾ ಆಗಲೇ ಕುದ್ದು ಕಷಾಯವಾಗಿತ್ತು. ಗಿರಿಜಾ ಬೇಕೆಂದೇ ಬಾಗಿಲ ಹಿಂದೆ ನಿಂತಿದ್ದಳಂತೆ.

ಮುಂದಿನ ಭಾನುವಾರ ಅಣ್ಣ ಗೆಣಸಿನ ಚೀಲದೊಂದಿಗೆ ಹಾಜರು. ಕಾಲು ನೋಡಲು ಬಂದೆ ಎಂದರು, ನೋಡಿದ್ದು ಟಿವಿ. ಹುಡುಗ ಇನ್ನೂ ಕತ್ತಿ ಎತ್ತಿಕೊಂಡೇ ಇದ್ದ. ಮುಂದಿನ ಕಂತನ್ನೂ ಈಗಲೇ ಹಚ್ಚಬಹುದೆಂದು ನಾನು ಬಾಯಿ ಬಿಡಲಿಲ್ಲ, ವಾರಕ್ಕೊಂದೇ ಎಂದು ನಂಬಿಸಿದೆ. ಹೀಗೆ ಭಾನುವಾರಗಳು ಉರುಳಿದವು. ನಾನು ಅರ್ಥ ಹೇಳುವುದು, ಅವರು ಹುಡುಗನನ್ನು ಬೈಯುವುದು. ಚಹಾ ಕುಡಿಯತೊಡಗಿದರು, ಆಮೇಲೆ ಊಟಕ್ಕೂ ನಿಂತರು. ಒಂದು ದಿನ ಗಿರಿಜಾ ಗೆಣಸಿನ ಹೋಳಿಗೆ ಬಡಿಸುತ್ತ ಹೇಳಿದಳು: "ಆ ಹುಡುಗನ್ಯಾಕ ಬೈತೀರಿ? ನೀವಿಬ್ರೂ ಆರು ವರ್ಷ ಹಂಗ ನಿಂತಿದ್ರಿ."

ಇಬ್ಬರೂ ತಾಟು ಮುಂದೆ ಮಾಡಿ ತುಪ್ಪ ಹಾಕಿಸಿಕೊಂಡೆವು.

ಅಂತೂ ಕತ್ತಿ ಇಳಿಯಿತು, ಸರಣಿ ಮುಗಿಯಿತು, ನನ್ನ ಪ್ಲಾಸ್ಟರೂ ಬಿಚ್ಚಿದರು. ಬರಲು ಇನ್ನು ನೆಪವಿಲ್ಲ. ಮರು ಭಾನುವಾರ ಅಣ್ಣ ಬರಲಿಲ್ಲ. ಗೇಟು ಸಪ್ಪಳವಾದಾಗಲೆಲ್ಲ ಗಿರಿಜಾ ಹೊರಗೆ ಹೋಗಿ ಬಂದಳು. ನನಗೆ ಅದನ್ನು ನೋಡಲಾಗದೆ ಒಳಗೆ ಕುಳಿತು ವಿಮರ್ಶೆ ಬರೆದೆ. ಒಂದು ಏಟಿಗೆ ಇಷ್ಟು ಎಳೆದಾಟವೇ ಎಂದು ಝಾಡಿಸಿ, ಎರಡು ನಕ್ಷತ್ರ ಕೊಟ್ಟೆ. ಅದು ಪ್ರಕಟವಾದ ದಿನ ಗಿರಿಜಾ ಅಣ್ಣನಿಗೂ ಕಳಿಸಿದಳು. ಸಂಜೆ ಫೋನು ರಿಂಗಾಯಿತು. ತಂಗಿಯದಲ್ಲ, ನನ್ನದು.

"ದಾಜಿ," ಎಂದರು ಅಣ್ಣ. ತಂಗಿಯ ಗಂಡನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಆರು ವರ್ಷ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. "ಅವ ಕತ್ತಿ ಇಳಸೂತನಾ ನಾ ಒಂದ ಭಾನುವಾರ ತಪ್ಪಿಸಿಲ್ಲ. ಎರಡು ಕೊಡಾಕ ನಿಮಗ ಮನಸರ ಹೆಂಗ ಬಂತ್ರಿ?"

ಆಮೇಲೆ ಬೈದರು ನೋಡಿ, ಮನಸಾರೆ. ತಾಯಿಯನ್ನು ನೆನೆಯದೆ ಕತ್ತಿ ಬೀಸಿದರೆ ಅವನೆಂಥ ಮನುಷ್ಯ ಎಂದು ನನಗೇ ಪಾಠ ಹೇಳಿದರು. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ಭಾನುವಾರ ಬಂದು ಎದುರಿಗೇ ತೀರಿಸುತ್ತೇನೆ ಎಂದರು. ಫೋನಿನ ದನಿ ಜೋರು ಮಾಡಿಟ್ಟಿದ್ದೆ. ಗಿರಿಜಾ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸುತ್ತ ನಗುತ್ತಿದ್ದಳು. ಜಪಾನಿನಲ್ಲಿ ಕುಳಿತು ಆ ಏಟನ್ನು ಅಷ್ಟು ವಾರ ಎಳೆದ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಮರುವಾರ ನಗೆಯ ಸರಣಿಯ ಸರದಿ. ನಾನೂ ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನನ್ನ ಲೆಕ್ಕದಲ್ಲಿ ಅದಕ್ಕೆ ಐದಕ್ಕೆ ಐದು. ಖಾನಾಪುರದಲ್ಲಿ ಅಣ್ಣನ ಜೊತೆ ಅವರ ಹೆಂಡತಿಯೂ ಮಾತು ತಿಳಿಯದಿದ್ದರೂ ಅದಕ್ಕೆ ಮರುಳಾಗಿದ್ದಾರಂತೆ. ನಾನು ಬರೆಯುತ್ತಿದ್ದಾಗ ಗಿರಿಜಾ ಬೆನ್ನ ಹಿಂದೆ ಬಂದು ನಿಂತಳು.

"ಒಂದ ಕೊಡ್ರಿ," ಎಂದಳು. "ಬೈಯಾಕ ಅಣ್ಣ, ವೈನಿ ಇಬ್ರೂ ಬರ್ತಾರ."

ನಾನು ಅರ್ಧ ಕೊಟ್ಟೆ.