ಸೊನ್ನೆ ದೂರಿನ ಶಾಲೆ

ಏಳನೇ ತರಗತಿಯ ನಾಲ್ವರು ಹುಡುಗಿಯರು ಸೇರಿ ಒಬ್ಬಳ ಎಡಗಾಲಿನ ಶೂ ಕಿತ್ತು ಶಾಲೆಯ ಛಾವಣಿಯ ಮೇಲೆ ಎಸೆದರು. ಅವಳು ಒಂದೇ ಶೂನಲ್ಲಿ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ಡ್ರಾಯಿಂಗ್ ಮೇಷ್ಟ್ರ ಎದುರು ಬಂದು ನಿಂತಳು. ಕಿರುಕುಳ ತಡೆ ನಿಯಮಗಳ ಉಸ್ತುವಾರಿ ಅವರದು. ಅಕ್ಷರ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ ಆ ಹೊರೆ ಅವರ ಹೆಗಲೇರಿತ್ತು.

"ದೂರು ಬರ್ಕೊಳ್ಳಿ ಸರ್."

"ಇವತ್ತೇ ಬೇಕೇನಮ್ಮಾ?" ಮೇಷ್ಟ್ರ ದನಿ ನೆನೆದ ಸೀಮೆಸುಣ್ಣದಂತೆ ಮೆತ್ತಗಾಯಿತು. ಮಧ್ಯಾಹ್ನ ಮೇಲಧಿಕಾರಿ ಬಂದು, ಎರಡು ವರ್ಷ ಒಂದೂ ದೂರು ಬಾರದ್ದಕ್ಕೆ 'ಸೊನ್ನೆ ದೂರಿನ ಶಾಲೆ' ಎಂಬ ಫಲಕ ಕೊಡುವವರಿದ್ದರು. ಅದರ ಬೆನ್ನಿಗೇ ಹೆಡ್‌ಮೇಡಂ ಮೇಷ್ಟ್ರ ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವವರಿದ್ದರು.

"ದೂರು ಬಂದ ದಿನವೇ ಬರೀಬೇಕು ಅಂತ ಗೋಡೆ ಮೇಲೆ ನೀವೇ ಬರೆದಿದ್ದೀರಲ್ಲ ಸರ್. ಅಕ್ಷರ ತುಂಬಾ ಚೆನ್ನಾಗಿದೆ."

ಮೇಷ್ಟ್ರು ದೂರಿನ ರಿಜಿಸ್ಟರ್ ತೆರೆದರು.

ಸುದ್ದಿ ಸ್ಟಾಫ್‌ರೂಮಿಗೆ ಮುಟ್ಟಲು ಒಂದು ಪೀರಿಯಡ್ಡೂ ಬೇಕಾಗಲಿಲ್ಲ. "ಶೂ ಇಳಿಸಿಕೊಟ್ರೆ ದೂರೇ ಇಲ್ವಲ್ಲ ಸ್ವಾಮಿ!" ಎಂದು ಗಣಿತದ ಮೇಷ್ಟ್ರು ಏಣಿ ತಂದರು. ಡ್ರಿಲ್ ಮೇಷ್ಟ್ರು ಮೀಸೆ ತಿರುವಿ ಹತ್ತಿದರು. ಮೇಲಿಂದ ಕೂಗು ಬಂತು: "ಯಾವ ಶೂ ರೀ? ಇಲ್ಲಿ ಅಂಗಡಿನೇ ಇದೆ!"

ಹನ್ನೊಂದು ಶೂ, ಮೂರು ಊಟದ ಡಬ್ಬಿ, ಒಂದು ಕನ್ನಡಕ. ಎರಡು ವರ್ಷದ ಸೊನ್ನೆ ದೂರುಗಳು ಅಂಗಳದಲ್ಲಿ ಸಾಲಾಗಿ ಕೂತವು. ಮಕ್ಕಳು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಶೂ ಗುರುತಿಸಿದರು. ನಿನ್ನೆಯದೊಂದು ಬಿಟ್ಟು ಯಾವುದೂ ಯಾರ ಕಾಲಿಗೂ ಆಗಲಿಲ್ಲ, ಕಾಲುಗಳು ಬೆಳೆದುಬಿಟ್ಟಿದ್ದವು.

ಮಧ್ಯಾಹ್ನದ ಹೊತ್ತಿಗೆ ಹೆಡ್‌ಮೇಡಂ ಏದುಸಿರು ಬಿಡುತ್ತ ಬಂದರು. "ಹಸುಗೂಸಿನ ಕೆನ್ನೆ ಹಾಗಿದ್ದ ರಿಜಿಸ್ಟರ್‌ಗೆ ಮಸಿ ಬಳಿದ್ರಲ್ರೀ!" ಎಂದು ಡ್ರಾಯಿಂಗ್ ಮೇಷ್ಟ್ರ ಕೈಯಿಂದ ಅದನ್ನು ಕಿತ್ತುಕೊಂಡು ಓದಿದರು. ಕೊನೆಯ ಅಂಕಣ, 'ನೋಡಿಯೂ ಸುಮ್ಮನಿದ್ದವರು'. ಅದರಡಿ ಮುತ್ತಿನಂಥ ಅಕ್ಷರದಲ್ಲಿ: ಡ್ರಾಯಿಂಗ್ ಮೇಷ್ಟ್ರು.

"ಇದನ್ನ ಯಾರು ಬರೆಸಿದ್ದು?"

"ನಾನೇ ಮೇಡಂ," ಎಂದಳು ಹುಡುಗಿ. "ನಿನ್ನೆ ಅವರು ಶೂ ಕಿತ್ಕೊಳ್ಳುವಾಗ ಸರ್ ಕಿಟಕಿ ಹತ್ರ ಬ್ರಶ್ ತೊಳೀತಿದ್ರು. ನನ್ನನ್ನ ನೋಡಿ ಕಿಟಕಿ ಹಾಕ್ಕೊಂಡ್ರು. ಅದನ್ನೂ ಬರೀತೀರಾ ಅಂತ ಕೇಳ್ದೆ. ಬರೆದ್ರು."

ಹೆಡ್‌ಮೇಡಂ ದನಿ ತಗ್ಗಿಸಿದರು. "ಸುಮ್ಮನಿದ್ದ ಮೇಷ್ಟ್ರನ್ನ ಖಾಯಂ ಮಾಡೋ ಹಾಗಿಲ್ಲ, ನಿಯಮ ಗೊತ್ತಲ್ಲ? ಆ ಹಾಳೆ ಹರಿದುಬಿಡಿ. ಫಲಕವೂ ಬರುತ್ತೆ, ನಿಮ್ಮ ಕೆಲಸವೂ ಉಳಿಯುತ್ತೆ."

ಗೇಟಿನಲ್ಲಿ ಅಧಿಕಾರಿಯ ಕಾರು ಹಾರನ್ ಹೊಡೆಯಿತು. ಮೇಷ್ಟ್ರು ರಿಜಿಸ್ಟರನ್ನು ಮರಳಿ ಇಸಿದುಕೊಂಡು ಎದೆಗವುಚಿಕೊಂಡರು.

"ಹರಿಯಲ್ಲ ಮೇಡಂ. ಇನ್ನೂ ಹತ್ತು ಶೂ ಬರೀಬೇಕು."