ವೀರಭದ್ರಸ್ವಾಮಿಯ ಡಾಟ್ ಇನ್

ಷಡಕ್ಷರಪ್ಪ ಕಳೆದ ಸೋಮವಾರ ಮಧ್ಯಾಹ್ನ ತೀರಿಕೊಂಡ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನನ್ನ ಬಾಲ್ಯದ ಗೆಳೆಯ. ಎದೆ ನೋವು ಎಂದ, ಅಷ್ಟೇ. ಈಗ ನಗುವ ಹೊತ್ತಲ್ಲ, ಗೊತ್ತು. ಆದರೆ ಅವನ ಕಡೆಯ ವಾರದ ತುಂಬ ಇರುವುದು ನನ್ನ ಘನಕಾರ್ಯವೇ, ಏನು ಮಾಡಲಿ!

ಅವನಿಗೆ ಮಂಡಿಗೊಂದು ವೆಬ್‌ಸೈಟ್ ಬೇಕಿತ್ತು. ಡಾಟ್ ಕಾಮ್ ಬೇಡ, ನಮ್ಮ ದೇಶದ ಡಾಟ್ ಇನ್ನೇ ಆಗಬೇಕು. "ಕೊಬ್ಬರಿ ಇಲ್ಲೀದು, ಬೋರ್ಡ್ ಯಾಕ್ಲಾ ಬೇರೆಯೋರ್ದು?" ಎಂದ.

"ನಾನಿದ್ದೀನಿ ಬಿಡು!" ಎಂದೆ. ಜೀವಮಾನವಿಡೀ ಕಾಲೇಜಿನಲ್ಲಿ ಪಾಠ ಹೇಳಿದವನು, ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪುಸ್ತಕ ಪೇರಿಸಿದವನು, ಒಂದು ಫಾರಂ ತುಂಬಲಾರೆನೆ?

ತುಂಬಿದೆ. ವೆಬ್‌ಸೈಟಿಗೆ ಹೆಸರು ಸಿಕ್ಕಿತು. ಸಂಭ್ರಮದಲ್ಲಿ ಅವನು ಅದನ್ನು ಕೊಬ್ಬರಿ ಡಬ್ಬಗಳ ಮೇಲೆಲ್ಲ ಅಚ್ಚು ಹಾಕಿಸಿಬಿಟ್ಟ. ಡಬ್ಬಗಳು ಬಂದಿಳಿದ ದಿನವೇ ಹೆಸರು ಕೊಟ್ಟ ಕಂಪನಿಯಿಂದ ನನಗೆ ಫೋನ್! ಅವನ ಮನೆಯಲ್ಲೇ ಇದ್ದೆ, ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಸರ್, ಡಾಟ್ ಇನ್‌ಗೆ ಮಾಲೀಕರ ಗುರುತಿನ ಚೀಟಿ ಬೇಕು. ವೀರಭದ್ರಸ್ವಾಮಿ ಅವರ ಆಧಾರ್ ಕಳಿಸಿ."

ಫಾರಂ ತುಂಬುವಾಗ ಷಡಕ್ಷರಪ್ಪ "ಮೊದ್ಲು ನಮ್ ದೇವ್ರ ಹೆಸ್ರು ಹಾಕ್ಲಾ" ಎಂದಿದ್ದ. ಮಂಡಿಯ ರಸೀದಿಯಿಂದ ಲಾರಿಯ ಹಣೆಯವರೆಗೆ ಅವನದೆಲ್ಲ ಆ ಹೆಸರಿನಿಂದಲೇ ಶುರು. ಪಂಡಿತನಾದ ನಾನು ಅದನ್ನು ಮಾಲೀಕರ ಜಾಗದಲ್ಲೇ ಭಕ್ತಿಯಿಂದ ಕುಟ್ಟಿದ್ದೆ!

"ಅವರ ಹತ್ರ ಆಧಾರ್ ಇಲ್ಲಮ್ಮ."

"ಪ್ಯಾನ್ ಕಾರ್ಡ್?"

"ಅದೂ ಇಲ್ಲ."

"ಹಾಗಾದ್ರೆ ಅವರ ಕೈಗೇ ಫೋನ್ ಕೊಡಿ."

"ಅವ್ರು ಮಾತಾಡಲ್ಲ ಮೇಡಂ," ಎಂದ ಷಡಕ್ಷರಪ್ಪ, ಗಂಭೀರವಾಗಿ. "ಗಂಡಸಿ ಹತ್ರ ಗುಡೀಲವ್ರೆ."

ಆಕೆಯೇ ದಾರಿ ತೋರಿಸಿದಳು. ಹೆಸರನ್ನು ಷಡಕ್ಷರಪ್ಪನಿಗೆ ವರ್ಗಾಯಿಸಬಹುದು. ಈಗಿನ ಮಾಲೀಕರು ಒಪ್ಪಿದ್ದಾರೆಂದು ಅವನು ಬರೆದುಕೊಡಬೇಕು. ಸೋಮವಾರದೊಳಗೆ ಕೊಡದಿದ್ದರೆ ಹೆಸರು ರದ್ದು, ಡಬ್ಬಗಳು ರದ್ದಿ.

ಅವನ ಹೆಂಡತಿ ಕಮಲಾಕ್ಷಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಏನ್ ಮೇಷ್ಟ್ರೇ, ದೇವ್ರಿಗೇ ಆಸ್ತಿ ಮಾಡ್ಕೊಟ್ರಂತೆ! ಪುಣ್ಯ ಕಟ್ಕೊಂಡ್ರಿ ಬಿಡಿ!" ಎಂದು ನನ್ನನ್ನು ಹುರಿದು, ಗಂಡನತ್ತ ತಿರುಗಿದರು. "ಒಪ್ಗೆ ತಾನೇ ಬೇಕು? ಹೋಗಿ ಹೂ ಕೇಳ್ರೀ."

ಮದುವೆಯಿರಲಿ, ಬೋರ್‌ವೆಲ್ ಇರಲಿ, ಅವರ ಮನೆತನ ದೇವರ ಮೇಲೆ ಹೂವಿಟ್ಟು ಕೇಳದೆ ಮುಂದೆ ಹೋಗುವುದಿಲ್ಲ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಭಾನುವಾರ ಹೋದೆವು.

"ಏನ್ ಇಚಾರ?" ಎಂದ ಪೂಜಾರಿ ಸಿದ್ದಬಸಪ್ಪ.

"ವೆಬ್‌ಸೈಟ್ ಕಣಪ್ಪ."

"ಸೈಟಾ? ಹಾಸನ ರೋಡಲ್ಲೈತಾ?"

ಹೂವಿಟ್ಟ. ಕಾದೆವು. ಎಡಕ್ಕೆ ಬಿತ್ತು!

ವಾಪಸು ಬರುವಾಗ ಅವನ ಬೈಕಿನ ಹಿಂದೆ ಕುಳಿತು ನಾನು ಬಾಯಿ ಮುಚ್ಚಲಿಲ್ಲ. "ಎಡಕ್ಕೆ ಬಿದ್ದಿದ್ದನ್ನ ಕಂಪನಿಯೋರು ನೋಡಿದ್ರೇನೋ? ಒಪ್ಪಿದ್ರು ಅಂತ ಬರಿ, ಡಬ್ಬನಾದ್ರೂ ಉಳೀತವೆ!" ತರ್ಕ, ಕಾನೂನು, ವೇದಾಂತ, ಓದಿದ್ದೆಲ್ಲವನ್ನೂ ಅವನ ಬೆನ್ನಿಗೆ ಸುರಿದೆ.

ಆ ಕಡೆಯ ಸೋಮವಾರ ಬೆಳಿಗ್ಗೆ ಒಪ್ಪಿಗೆ ಪತ್ರವನ್ನು ನಾನೇ ಬರೆದು ಮಂಡಿಗೆ ಒಯ್ದೆ. ಸಹಿ ಹಾಕುವುದೊಂದೇ ಬಾಕಿ. ಷಡಕ್ಷರಪ್ಪ ಪೂರ್ತಿ ಓದಿದ.

"ಚೆನ್ನಾಗ್ ಬರ್ದಿದೀಯ ಕಣ್ಲಾ," ಎಂದು ಅದರ ಮೇಲೆ ಕಾಫಿ ಲೋಟ ಇಟ್ಟ. ಆಮೇಲೆ ಕಂಪನಿಗೆ ಫೋನ್ ಹಚ್ಚಿದ.

"ಮೇಡಂ, ನಮ್ ಮಾಲೀಕ್ರು ಒಪ್ಲಿಲ್ಲ. ಹೆಸ್ರು ತೆಗ್ದುಬಿಡಿ."