ಪಟ್ಟಿ ಇಲ್ಲದ ಪೈನ್ ಮರ

ಶುಕ್ರವಾರ, ಮರಗಳಿಗೆ ಗುರುತಿಗೆಂದು ಸುತ್ತುವ ನೀಲಿ ಪಟ್ಟಿ ಮುಗಿದುಹೋಗಿತ್ತು. ಎಲ್ಲ ಅನರ್ಥಕ್ಕೂ ಅದೇ ಮೂಲ.

ಅರಣ್ಯ ಇಲಾಖೆಯ ವರ್ಲಿನ್ ಸ್ಟಾಡರ್ಡ್, ಸೋಮವಾರ ಬದಲಾಯಿಸಿದರಾಯಿತು ಎಂದುಕೊಂಡು, ಗಿಡುಗದ ಗೂಡಿದ್ದ ಪೈನ್ ಮರಕ್ಕೆ ಕೈಯಲ್ಲಿದ್ದ ಗುಲಾಬಿ ಪಟ್ಟಿಯನ್ನೇ ಸುತ್ತಿ ಬಂದಿದ್ದ. ಆ ಕಾಡಿನಲ್ಲಿ ನೀಲಿ ಎಂದರೆ ಹಕ್ಕಿಯ ಮರ, ಮುಟ್ಟಕೂಡದು. ಕಿತ್ತಳೆ ಎಂದರೆ ದನದ ದಾರಿ. ಗುಲಾಬಿ ಎಂದರೆ ವಿದ್ಯುತ್ ಕಂಬದ ಜಾಗ, ಮರ ಕಡಿಯಬಹುದು. ಸೋಮವಾರ ಹಾಸಿಗೆಯಿಂದ ಏಳುವಾಗ ಅವನಿಗೆ ನೆನಪಾಯಿತು. ದನದವರು, ತಂತಿ ಕಂಪನಿ, ಹಕ್ಕಿ ಸಂಘ, ಮೂರೂ ಪಕ್ಷದವರು ಒಟ್ಟಿಗೆ ಜಾಗ ನೋಡಲು ಬರುವುದು ಇವತ್ತೇ!

ಗಾಳಿಯಂತ್ರಗಳ ವಿದ್ಯುತ್ ತಂತಿ ಈ ಸರ್ಕಾರಿ ಕಾಡನ್ನು ಎಲ್ಲಿ ದಾಟಬೇಕೆಂಬ ಜಗಳಕ್ಕೆ ಒಂಬತ್ತು ವರ್ಷವಾಗಿತ್ತು. ಇವತ್ತು ನಕ್ಷೆಗೆ ಸಹಿ ಬಿದ್ದರೆ ವರ್ಲಿನ್‌ಗೆ ಬಾಯ್ಸಿ ನಗರಕ್ಕೆ ವರ್ಗ. ಹೆಂಡತಿ ಲೊರೀನ್ ಎರಡು ವರ್ಷದಿಂದ ಅಲ್ಲಿದ್ದಳು, ಇವನು ಇಲ್ಲಿ ಡಬ್ಬಿಯ ಬೀನ್ಸ್ ತಿಂದುಕೊಂಡು ದಿನ ದೂಡುತ್ತಿದ್ದ. ಪಾಪ.

ಏದುಸಿರು ಬಿಡುತ್ತ ಗುಡ್ಡ ಹತ್ತಿ, ಗುಲಾಬಿ ಪಟ್ಟಿ ಕಿತ್ತು ಜೇಬಿಗೆ ತುರುಕಿದ. ನೀಲಿ ಸುರುಳಿಗೆ ಇನ್ನೊಂದು ಜೇಬು ತಡಕಿದ. ಇಲ್ಲ! ಹೊರಡುವಾಗ ಕಾಫಿ ಲೋಟದ ಜೊತೆ ಟ್ರಕ್ಕಿನ ತಲೆಯ ಮೇಲಿಟ್ಟದ್ದು ನೆನಪಾಯಿತು. ಎರಡೂ ದಾರಿಯಲ್ಲೆಲ್ಲೋ ಉರುಳಿಹೋಗಿದ್ದವು.

"ಏನಯ್ಯಾ, ಮರ ತಬ್ಕೊಂಡು ನಿಂತಿದ್ದೀಯ? ಲೊರೀನ್ ನೆನಪಾದ್ಲಾ?" ದನಗಳ ಒಡತಿ ಓಲೆಟಾ ಹ್ಯಾಡ್ಲಾಕ್ ಡೋನಟ್ ಪೆಟ್ಟಿಗೆ ಹಿಡಿದು ಬಂದೇಬಿಟ್ಟಳು. ಹಿಂದೆ ತಂತಿ ಕಂಪನಿಯ ಡ್ವೇನ್, ಅವನ ಹಿಂದೆ ಹಕ್ಕಿ ಸಂಘದ ಮುದಿ ಟೀಚರ್ ಗರ್ಟ್ರೂಡ್. ಕಣ್ಣು ಮಂಜಾಗಿದೆಯೆಂದು ಆಕೆ ಯಾರ ಮುಂದೆಯೂ ಒಪ್ಪಿಕೊಂಡವಳಲ್ಲ.

ಡ್ವೇನ್ ಸುತ್ತ ನೋಡಿದ. "ಅರೆ! ಈ ಸಾಲಲ್ಲಿ ಕಿತ್ತಳೆನೂ ಇಲ್ಲ, ನೀಲಿನೂ ಇಲ್ಲ. ತಂತಿ ಇಲ್ಲೇ ಎಳೆದ್ರೆ ಯಾರಿಗೇನು ತಕರಾರು?"

"ನನ್ನ ದನಕ್ಕಂತೂ ಇಲ್ಲ."

"ನೀಲಿ ಇಲ್ಲ ಅಂದ್ಮೇಲೆ ನನ್ನದೂ ಅಡ್ಡಿಯಿಲ್ಲಪ್ಪ," ಎಂದಳು ಗರ್ಟ್ರೂಡ್.

ಒಂಬತ್ತು ವರ್ಷದ ಜಗಳ ಒಂಬತ್ತು ನಿಮಿಷದಲ್ಲಿ ಮುಗಿಯಿತು. ವರ್ಲಿನ್ ಬಾಯಿ ತೆರೆಯುವಷ್ಟರಲ್ಲಿ ಓಲೆಟಾ ಅದಕ್ಕೊಂದು ಡೋನಟ್ ತುರುಕಿದಳು. ಮೂವರೂ ನಕ್ಷೆಗೆ ಸಹಿ ಹಾಕಿ ಪೆನ್ನನ್ನು ಅವನ ಕೈಗಿತ್ತರು. ಅವನದೊಂದು ಸಹಿ ಬಿದ್ದರೆ ಬಾಯ್ಸಿ, ಲೊರೀನ್, ಬಿಸಿ ಊಟ.

ಮೇಲಿಂದ ಗಿಡುಗದ ಮರಿ 'ಕೀ' ಎಂದಿತು.

"ಏನದು ಸದ್ದು?"

"ನನ್ನ ಹೊಟ್ಟೆ, ಟೀಚರ್," ಎಂದ ವರ್ಲಿನ್.

ಮರಿ ಇನ್ನೊಮ್ಮೆ ಕೂಗಿತು. ವರ್ಲಿನ್‌ಗೆ ತಡೆಯಲಾಗಲಿಲ್ಲ. ಜೇಬಿನಿಂದ ಗುಲಾಬಿ ಪಟ್ಟಿ ಎಳೆದು, ನಡೆದದ್ದನ್ನೆಲ್ಲ ಒದರಿಬಿಟ್ಟ.

ಡ್ವೇನ್ ನಕ್ಷೆಯನ್ನು ಪರಪರನೆ ಹರಿದ. ಓಲೆಟಾ ವರ್ಲಿನ್‌ನ ಕೈಯಲ್ಲಿ ಉಳಿದಿದ್ದ ಅರ್ಧ ಡೋನಟ್ ಕಸಿದುಕೊಂಡಳು. ಮೂವರೂ ದೂರ ಹೋಗಿ ಕಾಲು ಗಂಟೆ ಗುಸುಗುಸು ಮಾತಾಡಿದರು. ಕೆಲಸವೇ ಹೋಯಿತೆಂದು ವರ್ಲಿನ್ ಬೇರಿನ ಮೇಲೆ ಕುಸಿದು ಕೂತ.

ತಿರುಗಿ ಬಂದಾಗ ಗರ್ಟ್ರೂಡ್ ಕಣ್ಣೊರೆಸಿಕೊಳ್ಳುತ್ತಿದ್ದಳು. "ತನಗೇ ನಷ್ಟ ಆಗೋ ನಿಜ ಹೇಳಿದೋನು ಇಷ್ಟು ವರ್ಷದಲ್ಲಿ ನೀನೊಬ್ಬನೇ ಕಣೋ."

"ಇನ್ಮೇಲೆ ನಿನ್ನ ಬಿಟ್ಟು ಬೇರೆ ಯಾರನ್ನೂ ನಾವು ನಂಬಲ್ಲ," ಎನ್ನುತ್ತ ಓಲೆಟಾ ಡೋನಟ್ ಪೆಟ್ಟಿಗೆಯ ಮುಚ್ಚಳ ಹಿಡಿದಳು. ಅದರ ಮೇಲೆ ಮೇಲಧಿಕಾರಿಗೆ ಮನವಿ ಬರೆದಿತ್ತು: ಹೊಸ ಸರ್ವೆ ಮುಗಿಯುವವರೆಗೆ ವರ್ಲಿನ್‌ನನ್ನು ಇಲ್ಲಿಂದ ವರ್ಗ ಮಾಡಕೂಡದು. ಕೆಳಗೆ ಮೂವರ ಸಹಿ.

"ಎಷ್ಟು ದಿನ?" ವರ್ಲಿನ್ ಬೇರಿನಿಂದ ಎದ್ದು ಕೇಳಿದ.

"ಜಾಸ್ತಿಯಿಲ್ಲ, ಮೂರೇ ವರ್ಷ," ಎಂದು ಡ್ವೇನ್ ಬೆನ್ನು ತಟ್ಟಿದ.

ಮೇಲೆ ಮರಿ ಮತ್ತೆ 'ಕೀ' ಎಂದಿತು.

"ಅಯ್ಯೋ, ನಿನ್ನ ಹೊಟ್ಟೆ ಕೂಗ್ತಿದೆ, ತಗೋ," ಎಂದು ಓಲೆಟಾ ಅರ್ಧ ಡೋನಟ್ಟನ್ನು ಅವನಿಗೇ ವಾಪಸು ಕೊಟ್ಟಳು.